ಮಾರ್ಜಿನ್ ಬಿಟ್ಟು ಬರೀರಿ

ಒಂದು ಪಟ್ಟಿ ಸಿಕ್ಕಿದೆ ನನಗೆ, ಬೆರಳಗಲದ್ದು.
ಪರದೆಯ ಬಲಕ್ಕೆ ಅಂಟಿಕೊಂಡು ಕೂತಿರುತ್ತದೆ.
ಯಾವ ತಾಣ ತೆರೆದರೂ ಅದರ ಪಕ್ಕದಲ್ಲಿ
ಯಾರು ಯಾರೋ ಬರೆದಿಟ್ಟದ್ದು, ಸ್ಟಾರ್ ಕೊಟ್ಟದ್ದು, ಕಿತ್ತುಕೊಂಡದ್ದು.
ತಾಣದವರಿಗೆ ಮಾತ್ರ ಕಾಣುವುದಿಲ್ಲ.
ಮನೆಯೊಡೆಯನಿಗೇ ಗೊತ್ತಿಲ್ಲದ ಜಗಲಿ ಅದು;
ಬೆನ್ನ ಹಿಂದಿನ ಮಾತಿಗೆ ಹಾಕಿಕೊಟ್ಟ ಬೆಂಚು.

ಕರೆಂಟ್ ಬಿಲ್ಲು ಕಟ್ಟುವ ಪುಟದ ಪಕ್ಕ, ರಾತ್ರಿ ಎರಡಕ್ಕೆ,
"ಇನ್ನೊಂದು ಸಲ ಒತ್ತಬೇಡಿ, ದುಡ್ಡು ಎರಡು ಸಲ ಹೋಗುತ್ತೆ"
ಎಂದು ಬರೆದ ಪುಣ್ಯಾತ್ಮ ಯಾರೋ.
ಮದುವೆ ಛತ್ರದ ಪಕ್ಕ: "ಪಾರ್ಕಿಂಗ್ ಇದೆ ಅಂದದ್ದು ಸುಳ್ಳು."
ಒಂದು ಶಾಲೆಯಲ್ಲಿ, ಮಕ್ಕಳ ಚಿತ್ರದ ನೇರಕ್ಕೆ,
"ಎರಡನೇ ಸಾಲಿನವನು ನಾನು. ನಗು ಅಂದಿದ್ರು."
ಅದಕ್ಕೆ ಯಾರೂ ಸ್ಟಾರ್ ಕೊಟ್ಟಿರಲಿಲ್ಲ.

ಚಟ ಹತ್ತಿತು.
ಹೀಗೇ ಒಂದು ಭಾನುವಾರ, ಸುಲ್ತಾನ್‌ಪೇಟೆಯ
ಬೈಂಡರ್ ಮುನಿಯಲ್ಲಪ್ಪನವರ ಪುಟ. ಮೊಮ್ಮಗಳು ಮಾಡಿಕೊಟ್ಟದ್ದು:
ಒಂದು ಫೋಟೋ, ಫೋನ್ ನಂಬರು,
"ಹಳೇ ಪುಸ್ತಕಕ್ಕೆ ಹೊಸ ರಟ್ಟು", ಅಷ್ಟೇ.
ಪಕ್ಕದಲ್ಲಿ ಒಂದೇ ಸ್ಟಾರ್:
"ಅಮ್ಮನ ನಿಘಂಟು ಕೊಟ್ಟಿದ್ದೆ.
ಸಮ ಮಾಡಲು ಅಂಚು ಕತ್ತರಿಸಿಬಿಟ್ಟರು.
ಅಂಚಿನಲ್ಲೇ ಅಮ್ಮ ಇದ್ದಳು."

ನಮ್ಮ ಆಡಿಟರ್ ಆಫೀಸಿನ ಲೆಕ್ಕದ ಪುಸ್ತಕಗಳನ್ನೆಲ್ಲ
ಹನ್ನೊಂದು ವರ್ಷದಿಂದ ಹೊಲಿಯುವ ಕೈ ಅದು.
ಹೇಳದೆ ಇರಲಾಗಲಿಲ್ಲ. ಹೇಳಲೂ ಆಗಲಿಲ್ಲ, ನಾಲ್ಕು ದಿನ.
ಐದನೇ ದಿನ ಲಗ್ನಪತ್ರಿಕೆ ಅಂಗಡಿಗಳ ನಡುವಿನ
ಒಬ್ಬರೇ ಹತ್ತಬಹುದಾದ ಮೆಟ್ಟಿಲು ಹತ್ತಿದೆ.

ಮೈದಾ ಅಂಟು ಕಲಸುತ್ತಿದ್ದರು, ಮೈಲುತುತ್ತ ಹಾಕಿ.
ಫೋನ್ ಹಿಡಿದು ಓದಿದೆ. ಕೈ ನಿಲ್ಲಲಿಲ್ಲ.
"ಕೆಂಪು ರಟ್ಟಿಂದಾ?"
ಗೊತ್ತಿಲ್ಲ ಅಂದೆ.
"ಕೆಂಪೇ. ಪೆನ್ಸಿಲ್ಲಲ್ಲಿ ಬರೆದಿದ್ರು, ಸಾಸಿವೆಯಂಥ ಅಕ್ಷರ.
ಅಕ್ಕರೆ ಅನ್ನೋ ಪದದ ಪಕ್ಕ ಯಾರದೋ ಹೆಸರಿತ್ತು.
ನೀಟಾಗಿ ಮಾಡಿ ಅಂದ್ರು. ನೀಟಾಗಿ ಮಾಡ್ದೆ."

ಕೆಳಗೆ ಲಗೇಜ್ ಆಟೋ ಒಂದು
ರಿವರ್ಸ್ ಹಾಡು ಹಾಡುತ್ತಾ ಸಿಕ್ಕಿಕೊಂಡಿತ್ತು.
ಕತ್ತರಿ ಯಂತ್ರದಡಿಯ ಗೋಣಿಚೀಲ ನೋಡಿದೆ, ಆಸೆಯಿಂದ.
"ಅದು ಈ ವಾರದ್ದಮ್ಮ. ರದ್ದಿಯವನು ಶನಿವಾರ ಶನಿವಾರ ಬರ್ತಾನೆ."

ಬಹಳ ಹೊತ್ತಿನ ಮೇಲೆ ಕೈ ಒರೆಸಿಕೊಂಡು,
"ನಾನೂ ಬರೀಬೋದಾ ಅಲ್ಲಿ?"
ಅವರು ಹೇಳಿದರು, ನಾನು ಒತ್ತಿದೆ:
"ಕೇಳಬೇಕಿತ್ತು, ಕೇಳಲಿಲ್ಲ.
ಒಂದು ಪದ ನೆನಪಿದೆ. ಬಂದರೆ ಹೇಳುತ್ತೇನೆ."
ಹೆಸರು? ಅಂದೆ.
"ಅದು ಆಯಮ್ಮಂಗೆ. ಊರಿಗೆಲ್ಲಾ ಯಾಕೆ?"

"ಅವರಿಗೆ ಕಾಣುತ್ತಾ?"
"ಪಟ್ಟಿ ತೆರೆದರೆ ಕಾಣುತ್ತೆ."
"ತೆರೀದಿದ್ರೆ?"
ನಾನು ಮೆಟ್ಟಿಲಿನ ಕಡೆ ನೋಡಿದೆ. ಅವರು ಬ್ರಷ್ ಎತ್ತಿಕೊಂಡರು.

ಈಚೆಗೆ ಮುನಿಯಲ್ಲಪ್ಪನವರು ಅಂಚು ಕತ್ತರಿಸುತ್ತಿಲ್ಲ.
ಪುಟಗಳು ಒಂದು ಒಳಗೆ, ಒಂದು ಹೊರಗೆ,
ಹಲ್ಲು ಬದಲಾಯಿಸುವ ಮಗುವಿನ ಬಾಯಿಯ ಹಾಗೆ.
ಆ ಮಗಳು ಬಂದಿಲ್ಲ.
ಮೊನ್ನೆ ಪಟ್ಟಿಯಲ್ಲಿ ಇನ್ನೊಬ್ಬರು:
"ಹೊಲಿಗೆ ಗಟ್ಟಿ. ಅಂಚು ನೇರವಿಲ್ಲ. ಎರಡು ಸ್ಟಾರ್."

ಓದಿ ಹೇಳಿದೆ.
"ಒಂದು ಹೆಚ್ಚಾಯ್ತಲ್ಲಾ" ಎಂದರು.