ಶನಿವಾರದ ಸಾರು

ಅಲ್ಲಿ ಇದನ್ನ ಶನಿವಾರ ಮಾಡ್ತಾರಂತ.
ಇಲ್ಲಿ ಶನಿವಾರ ಭೋಯಿರ ಶೆವಂತಾಬಾಯಿ ಬುಟ್ಟಿ ಇಳಸಂಗಿಲ್ಲ,
ಹಣಮಪ್ಪನ ವಾರ, ಯಾರ್ ತಗೋತಾರ್ರಿ ಅಂತಾಳ.
ಅದಕ್ಕ ನಮ್ಮ ಮನ್ಯಾಗ ಶನಿವಾರದ ಸಾರು
ಆದಿತ್ಯವಾರ, ಚರ್ಚಿನಿಂದ ಬಂದ ಮ್ಯಾಲ.

ಹನ್ನೊಂದು ವರ್ಷ ಹಡಗಿನ್ಯಾಗ ಅಡಗಿ ಮಾಡ್ಯಾರ ಇವರು,
ಬೀದರಿನ ಮಂಗಲಪೇಟ್ಯಾಗ ಹುಟ್ಟಿ
ಕೆಂಪು ಕಲ್ಲಿನ ಬಾವಿ ಬಿಟ್ರ ಬ್ಯಾರೆ ನೀರು ನೋಡಿರದ ಮನಷ್ಯಾ.
ಓಣಿ ಹುಡುಗ್ರಿಗೆ ಹಡಗಿನ ಮಾಮಾ.
ನನಗ, ವರ್ಷಕ್ಕ ಎರಡು ಪತ್ರ.
ಪತ್ರದಾಗ ಬರೇ ಊಟದ್ದೇ ಸುದ್ದಿ.

ಕಾರಂಜಾ ಡ್ಯಾಮಿನ ರೋಹು, ತಲಿ ಸಮೇತ.
ತಲಿ ಇಲ್ಲಂದ್ರ ಅದು ಸಾರಲ್ಲ, ಬಿಸಿನೀರು, ಅಂತಾರ.
ನಿಂಬಿಹಣ್ಣು ತಿಕ್ಕಿ ತೊಳದು, ಮತ್ತ ತಿಕ್ಕಿ, ಮತ್ತ ತೊಳದು.
ನಮ್ಮವ್ವ ಹುಣಸಿಹಣ್ಣು ಹಚ್ತಿದ್ಲು; ನಾ ಬಾಯಿ ಬಿಡಂಗಿಲ್ಲ.
ಹಸಿ ಬಾಳಿಕಾಯಿ, ಸುವರ್ಣಗಡ್ಡಿ, ಗಜ್ಜರಿ,
ಬೆರಳಿನಷ್ಟು ಹೊಸದು ಬಿಡೂ ಹಿಟ್ಟಿನ ಕಡಬು,
ಒಳಗ ಹೂರಣ ಇಲ್ಲ, ಏನೂ ಇಲ್ಲ.
ಖಾರಪುಡಿ ಇಲ್ಲ, ಮಸಾಲಿ ಇಲ್ಲ.
ಗುಂಡು ಮೆಣಸಿನಕಾಯಿ ಒಂದೇ ಒಂದು,
ತೊಟ್ಟು ಹಿಡದು ಇಡೀದೇ ತೇಲಿಬಿಡ್ತಾರ.
ಒಡದ್ರ ಮುಗೀತು.
ಕೂಸು ನೀರಿಗಿಳಿಸಿದವರಂಗ
ಅದರ ಸುತ್ತಾ ಸೌಟು ಆಡಿಸಿಕೋತ ಕಾಯ್ತಾರ.

ಅಲ್ಲೊಂದು ಎಲಿ ಹಾಕ್ತಿದ್ರಂತ, ಥೈಮು.
ಹೈದರಾಬಾದಿನಿಂದ ಒಣಗಿದ್ದು ಒಂದು ಶೀಶಿ ತಂದ್ರು,
ಮೂಸಿ ನೋಡಿ, ಇದಲ್ಲ ಅಂದ್ರು.
ಆಮ್ಯಾಲ ಒಂದಿನ ಕೆಮ್ಮಿನ ಕಷಾಯಕ್ಕಂತ
ಹಿತ್ತಲದಾಗಿನ ದೊಡ್ಡಪತ್ರಿ ಮುರದೆ ನಾ.
ಬಾಗಲದಾಗ ನಿಂತವರು ನಿಂತಂಗೇ ಉಳದ್ರು.
ಇದೇ, ಅಂದ್ರು.
ಆಕಿ ಅಂಗಳದಾಗ ಇದೇ ಇತ್ತು, ತುಕ್ಕು ಹಿಡದ ಡಬ್ಬಿಯಾಗ.

ಆಕಿ.
ಮದಿವ್ಯಾಗಿ ಇಪ್ಪತ್ತೆರಡು ವರ್ಷಕ್ಕ ಹೊರಗ ಬಂದ ಮಾತು.

ಮಿಸ್ ಆರ್ಲೀನ್ ಅಂತ ಹೆಸರು. ನಾ ಆರ್ಲೀನಬಾಯಿ ಅಂತೀನಿ.
ಜ್ವರ ಬಂದವರನ್ನ ಬಂದರದಾಗ ಇಳಿಸಿ ಹಡಗು ಹೋದಾಗ
ದವಾಖಾನಿ ಹಿಂದಿನ ಮನಿ ಮುದುಕಿ
ಹಾಲಿನ ಡಬ್ಬಿಯಾಗ ಸಾರು ತಂದು, ಕುಡಿ ಅಂತ ಬೈದಳಂತ.
ಭಾಷಾ ತಿಳೀಲಿಲ್ಲ, ಬೈದದ್ದು ತಿಳೀತು, ಅಂತಾರ.
ಮುದುಕಿನೇ ಹೌದಲ್ರಿ, ಅಂತ ಮೂರು ಸಲ ಕೇಳೀನಿ.
ಮೂರೂ ಸಲ ಮುದುಕಿನೇ ಅಂದಾರ.
ಮೂರನೇ ಸಲಕ್ಕ ನಕ್ಕಾರ.

ಹೋದ ವರ್ಷದ ಜ್ವರ ಇವರ ಮೂಗು ಒಯ್ತು.
ಮಲ್ಲಿಗಿ ಇಲ್ಲ, ಸೀಮಿಎಣ್ಣಿ ಇಲ್ಲ,
ಶೆವಂತಾಬಾಯಿ ಬುಟ್ಟಿ ಸುದ್ದಾ ಇಲ್ಲ.
ಬಂದರೂ ಬರಬಹುದು, ತಾರೀಖು ಹೇಳಂಗಿಲ್ಲ, ಅಂದ್ರು ಡಾಕ್ಟರು,
ಹಡಗಿನ ಆಫೀಸಿನವರಂಗ.

ಆದ್ರೂ ಆದಿತ್ಯವಾರ ಬಿಟ್ಟಿಲ್ಲ.
ಈಗ ಸೌಟು ನನ್ನ ಬಾಯಿ ಮುಂದ ಹಿಡೀತಾರ.
ಹಂಗೇ ಅದ ಏನು?

ಅಷ್ಟರಾಗ ವಿಮಾನ ಕಲಿಯೋ ಹುಡುಗರು
ಮಾಳಿಗಿ ಮ್ಯಾಲೇ ಗಿರಕಿ ಹೊಡದು ಹೋಗ್ತಾರ.
ಆ ಸದ್ದು ಹಾಯೂತನಕ ಇಬ್ರೂ ಸುಮ್ಮನ,
ನಡುವ ಸೌಟು, ಸೌಟಿನಿಂದ ಹೊಗಿ.

ನಾ ಸಮುದ್ರ ಕಂಡಾಕಿ ಅಲ್ಲ.
ಆ ದವಾಖಾನಿ ಕಂಡಿಲ್ಲ, ಆ ಡಬ್ಬಿ ಕಂಡಿಲ್ಲ.
ಹಂಗೇ ಅಂದ್ರ ಹೆಂಗ, ನನಗೇನ್ ಗೊತ್ತು?
ಇವರ ಕೈದು ಉಂಡಿದ್ದಷ್ಟೇ ಗೊತ್ತು.
ಖರೇ ಹೇಳಬೇಕಂದ್ರ, ಆರು ತಿಂಗಳದಿಂದ
ಉಪ್ಪು ಜಾಸ್ತಿ ಬೀಳಲಕತ್ತದ.
ಅವರು ಆ ಕಡಿ ತಿರುಗಿದಾಗ ನಾ ಇನ್ನೊಂದು ಬಾಳಿಕಾಯಿ ಬಿಡ್ತೀನಿ.
ಹೋದ ವಾರ, ಯೇಸಪ್ಪ ಕ್ಷಮಿಸಲಿ, ಚೂರು ಹುಣಸಿಹಣ್ಣು.

ಬಾಯಾಗ ಹಿಡಕೊಂಡು, ಕಣ್ಣು ಮುಚ್ಚಿ,
ನೆನಪು ಮಾಡ್ಕೊಂಡಾಕಿಯಂಗ ತುಸು ಹೊತ್ತು ನಿಂದರ್ತೀನಿ.
ಹುಳಿ ಸಾಲದು ಅಂತೀನಿ.
ಇನ್ನೊಂದು ಹೋಳು, ಕೈ ಯಾಕ ಬಿಗಿ ಹಿಡೀತೀರಿ, ಹಿಂಡ್ರಿ.

ಹಿಂಡ್ತಾರ.
ಹೌದೌದು, ಅಂತಾರ,
ಆಕಿನೂ ಹಿಂಗೇ ಬೈತಿದ್ಲು.