ಅಸ್ತರು

ಡಾಕ್ಟರಮ್ಮ ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ಮೇಕೆಯ ತಲೆಯಂಥದು, ಎರಡು ಕೊಂಬು.
ಒಳಗಿರಬೇಕಾದ ಪದರ ಹೊರಗೂ ಬೆಳೆದಿದೆ,
ಅಂಡಾಶಯದ ಮೇಲೆ, ಕರುಳಿನ ಮಗ್ಗುಲಿಗೆ.
ತಿಂಗಳಾದರೆ ಅದೂ ಸೋರುತ್ತದೆ.
ಹೋಗಲು ದಾರಿಯಿಲ್ಲ, ಅಲ್ಲೇ ಹೆಪ್ಪುಗಟ್ಟಿ
ಇದನ್ನು ಅದಕ್ಕೆ ಅಂಟಿಸುತ್ತದೆ.

ನನಗೆ ತಟ್ಟನೆ ತಿಳಿಯಿತು.
ಕೌಲ್ ಬಜಾರಿನಲ್ಲಿ ಹದಿನಾಲ್ಕು ವರ್ಷ ಜೀನ್ಸು ಹೊಲಿದವಳು.
ಅಸ್ತರು ಮೇಲೆ ಬಂದ ಪೀಸು,
ಬಾಯಿ ಹೊಲಿಗೆಗೆ ಸಿಕ್ಕಿ ಮುಚ್ಚಿಹೋದ ಜೇಬು,
ದಿನಕ್ಕೆ ಎರಡಾದರೂ ವಾಪಸು ಬರುತ್ತವೆ;
ಮೇಸ್ತ್ರಿ ಬೈಯುತ್ತಾನೆ, ನಾವು ಕೂತು ಬಿಚ್ಚುತ್ತೇವೆ.

ಬಿಚ್ಚಬಹುದಾ ಮೇಡಂ?
ಹೊಟ್ಟೆಗೆ ಕ್ಯಾಮೆರಾ ಇಳಿಸಿ ಸುಡಬಹುದು. ಮತ್ತೆ ಬರಲೂಬಹುದು.
ಮಕ್ಕಳು?
ಪೆನ್ನಿಗೆ ಟೋಪಿ ಹಾಕಿದರು, ತೆಗೆದರು.
ಎಷ್ಟೋ ಜನಕ್ಕೆ ಆಗಿದೆಯಮ್ಮ. ಆಗದವರೂ ಇದ್ದಾರೆ.

ಸ್ಕ್ಯಾನಿನಲ್ಲಿ ಕಂಡ ಗಂಟಿಗೆ ಚಾಕ್ಲೇಟ್ ಅಂತ ಹೆಸರಂತೆ.
ಆಟೋದಲ್ಲಿ ಗಾದಿಲಿಂಗ ಸುಮ್ಮನೆ ಕೂತಿದ್ದ,
ಮೋತಿ ಸರ್ಕಲ್ ದಾಟಿದ ಮೇಲೆ ಕೇಳಿದ,
'ಇಂಥಾದಕ್ಕೆ ಆ ಹೆಸರು ಯಾವನಿಟ್ಟ?'
ನಕ್ಕೆ. ನಗುವುದಕ್ಕೂ
ಕೆಳಹೊಟ್ಟೆ ಹಿಡಿದುಕೊಳ್ಳಬೇಕಾಯಿತು.

ಹದಿಮೂರಕ್ಕೆ ಶುರುವಾದಾಗ ಅವ್ವ ಅಂದಿದ್ದಳು:
ಎಲ್ಲರಿಗೂ ಬರ್ತೈತೆ, ಬಾಯಿ ಮುಚ್ಕೊಂಡು ಮಲಕ್ಕೋ.
ಆಮೇಲೆ: ಮದುವಿ ಆದ್ರೆ ಹೋಗ್ತೈತೆ.
ಆದಮೇಲೆ ಅತ್ತೆ: ಒಂದು ಹಡಿ, ಹೊಟ್ಟಿ ತಣ್ಣಗಾಗ್ತೈತೆ.
ಮಗುವೇ ಮದ್ದು ಎಂದು ಎಂಟು ವರ್ಷ
ಸುಂಕ್ಲಮ್ಮನ ಮುಂದೆ ಉಡಿ ಒಡ್ಡಿದೆ.
ಅಕ್ಕಿ, ಅರಿಶಿಣದ ಕೊಂಬು, ಒಣ ಕೊಬ್ಬರಿ ಬಿತ್ತು.
ಮನೆಗೆ ಬಂದು ಅಕ್ಕಿಯನ್ನು ಪಾಯಸ ಮಾಡಿ
ಬಿಸಿ ಇಟ್ಟಿಗೆ ಹೊಟ್ಟೆಗೊತ್ತಿಕೊಂಡು ಮಲಗಿದೆ.
ಯಾರದೂ ತಪ್ಪಲ್ಲ ಅನ್ನಲಾರೆ.
ಅವರಿಗೂ ಯಾರೂ ಚಿತ್ರ ಬರೆದು ತೋರಿಸಿರಲಿಲ್ಲ, ಅಷ್ಟೆ.

ಇವತ್ತು ಮತ್ತೆ ಮಷೀನಿಗೆ ಕೂತಿದ್ದೇನೆ.
ವಾಷಿಂಗಿನವರ ನೀಲಿ ನೀರು ಚರಂಡಿಯಲ್ಲಿ ಹರಿಯುತ್ತಿದೆ,
ಅದಕ್ಕಾದರೂ ದಾರಿಯಿದೆ.
ನನ್ನ ಪಾಲಿಗೆ ಬಂದಿರುವುದು ಸಣ್ಣ ಜೇಬು:
ಬಲಗಡೆ ದೊಡ್ಡ ಜೇಬಿನೊಳಗೆ
ಇನ್ನೊಂದು ಇರುತ್ತಲ್ಲ, ಅದು.
ದಿನಕ್ಕೆ ನಾನೂರು.
ಜನ ಅದರಲ್ಲಿ ಏನೂ ಇಡುವುದಿಲ್ಲ.
ಖಾಲಿ ಇದೆ ಅಂತ
ಇಲ್ಲಿಯವರೆಗೆ ಒಬ್ಬರೂ ಪ್ಯಾಂಟು ವಾಪಸು ತಂದಿಲ್ಲ.

ಗಾದಿಲಿಂಗ ಮಾತ್ರ
ಮಧ್ಯಾಹ್ನ ಬುತ್ತಿ ತರುವಾಗ
ಅದರಲ್ಲಿ ಎರಡು ಬೆರಳು ಹಾಕಿ ತಡಕಾಡುತ್ತಾನೆ,
ನನ್ನ ಮಾತ್ರೆ, ಒಂದು.