ಹೊಗೆಸೊಪ್ಪಿನ ನೀರು

ಸಿಯೆನ್‌ಫ್ಯೂಗೋಸಿನ ಹಿಂಬೀದಿಯಲ್ಲಿ
ಮೂರಂತಸ್ತಿನ ಮನೆಯೊಂದು ಕುಸಿದ ಜಾಗ.
ಈಗ ಅಲ್ಲಿ ಹನ್ನೆರಡು ಮಡಿ:
ಕೋಸು, ಹುರುಳಿಕಾಯಿ, ಮೂಲಂಗಿ, ಟೊಮೆಟೊ.
ಬೀಳಲು ಮರೆತ ಒಂದೇ ಗೋಡೆಯ ಮೇಲೆ
ಯಾರದೋ ಬಚ್ಚಲಿನ ನೀಲಿ ಟೈಲು,
ಅದರ ಬುಡದಲ್ಲಿ ಪೀಪಾಯಿ.

ಪೀಪಾಯಿಯಲ್ಲಿ ನಿನ್ನೆ ಸಂಜೆಯಿಂದ
ನೆನೆಯುತ್ತಿದೆ ಹೊಗೆಸೊಪ್ಪಿನ ಕಡ್ಡಿ.

ಮೂವತ್ತೊಂದು ವರ್ಷ ಒದಾಲಿಸ್ ಮಾಡಿದ್ದು ಒಂದೇ ಕೆಲಸ:
ತೊಡೆಯ ಮೇಲೆ ಎಲೆ ಹರವಿ
ನಡುನರ ಹಿಡಿದು ಒಂದೇ ಎಳೆತ.
ಎಲೆ ಎರಡಾಗಿ ಮಲಗಬೇಕು, ಚಿಂದಿಯಾಗಬಾರದು.
ಎಲೆ ಹೋಯಿತು ಚುಟ್ಟಾ ಸುತ್ತುವವರ ಮೇಜಿಗೆ,
ಅಲ್ಲಿಂದ ಹಡಗಿಗೆ,
ಅವಳು ಕಾಣದ ಊರುಗಳ ತುಟಿಗೆ.
ನರ ಬಿತ್ತು ಬುಟ್ಟಿಗೆ.
ಆ ಬುಟ್ಟಿಯೇ ಈಗ ಅವಳ ಪಾಲು:
ಕಾರ್ಖಾನೆಯ ಕಾವಲಿನವನಿಗೆ ಎರಡು ಕೋಸು ಕೊಟ್ಟರೆ
ಒಂದು ಚೀಲ ಕಡ್ಡಿ.

ಸೋಸುವುದು ಮೊಮ್ಮಗಳ ಹಳೆಯ ಕಾಲುಚೀಲದಲ್ಲಿ.
ಎಲೆಗೆ ಅಂಟಲೆಂದು ಬಟ್ಟೆ ಸೋಪಿನ ಚೂರು, ಸಿಕ್ಕ ದಿನ.
ಸಿಗದ ದಿನ ಬರೀ ಸುಣ್ಣದ ತಿಳಿ.
ಬಣ್ಣ, ಸೋಸಿದ ಮೇಲೆ, ಹಾಲಿಲ್ಲದ ಕಾಫಿಯದು.
ವಾಸನೆ ಒನೇಲಿಯೊನದು.

ದಿನಕ್ಕೆ ಆರು ಸೇದುತ್ತಿದ್ದ.
ಡಾಕ್ಟರು ಅವನ ಎದೆಯ ಎಕ್ಸ್‌ರೇಯನ್ನು
ಕಿಟಕಿಯ ಬೆಳಕಿಗೆ ಹಿಡಿದಾಗ
ಅವಳಿಗೆ ಕಂಡದ್ದು ಎಲೆ:
ನಡುವೆ ನರ, ಎರಡೂ ಕಡೆ ಕಪ್ಪಾದ ಮಗ್ಗುಲು.
ಅದೊಂದನ್ನು ಮಾತ್ರ
ಹೇಗೆ ಎಳೆದು ಬಿಡಿಸುವುದೋ ಗೊತ್ತಾಗಲಿಲ್ಲ.

ಟೊಮೆಟೊ ಮಡಿಗೆ ಈ ನೀರು ಕೂಡದು.
ಟೊಮೆಟೊ, ಮೆಣಸು, ಬದನೆ, ಎಲ್ಲ ಹೊಗೆಸೊಪ್ಪಿನ ದಾಯಾದಿಗಳು;
ಒಬ್ಬರ ರೋಗ ಇನ್ನೊಬ್ಬರ ಮನೆಗೆ
ಹೇಳದೆ ಕೇಳದೆ ನುಗ್ಗಿ
ಎಲೆಯ ಮೇಲೆ ಹಳದಿ ಹಸಿರಿನ ಚೌಕುಳಿ ಹಾಸುತ್ತದೆ.
ಅವಕ್ಕೆ ಬೇರೆ ಡಬ್ಬ, ಬೇರೆ ಪಂಪು,
ಎಲ್ಲಿಂದಲೋ ಬಂದು ಇಲ್ಲೇ ಉಳಿದ ಬೇವಿನ
ಬೀಜ ಅರೆದ ಹಾಲು.
ಅಲ್ಲಿಗೆ ಕಾಲಿಡುವ ಮೊದಲು
ಮೂರು ಸಲ ಕೈ ತೊಳೆದು, ಮೂಸಿ,
ನಾಲ್ಕನೇ ಸಲ ತೊಳೆಯುತ್ತಾಳೆ.

"ವಿಷ ಹಾಕಿಲ್ಲ ತಾನೆ?"
ಕೋಸು ಹಿಚುಕಿ ನೋಡುತ್ತ ಕೇಳಿದಳು ದಂತವೈದ್ಯೆ.
"ಹಾಕಿದ್ದೇನೆ. ವಿಷವಲ್ಲದಿದ್ದರೆ ಹುಳ ಯಾಕೆ ಸಾಯಬೇಕು?
ಇದಕ್ಕೆ ಮರೆವು ಜಾಸ್ತಿ, ಅಷ್ಟೆ.
ನಾಲ್ಕು ಬಿಸಿಲು ಕಂಡರೆ
ಯಾರನ್ನು ಕೊಲ್ಲಲು ಬಂದೆ ಅನ್ನುವುದೇ ನೆನಪಿರುವುದಿಲ್ಲ.
ಆ ಕೋಸು ಕೆಳಗಿಡು. ಶುಕ್ರವಾರ ಬಾ."

ಸಂಜೆ. ಜೇನು ಮನೆಗೆ ಹೋಗಿಯಾಯಿತು.
ಬೆನ್ನಿಗೆ ಪಂಪು, ಮೂಗಿಗೆ ಪಂಚೆಯ ತುಂಡು.
ಎಲೆಯ ಬೆನ್ನಿಗೆ ಹೊಡೆಯಬೇಕು, ಮುಖಕ್ಕಲ್ಲ;
ಕಳ್ಳರಿರುವುದು ಬೆನ್ನಲ್ಲೇ.
ಮೂತಿ ಕಟ್ಟಿಕೊಂಡರೆ ತಲೆಪಿನ್ನು ಕಿತ್ತು ಚುಚ್ಚುತ್ತಾಳೆ,
ಜಡೆ ಬಿಚ್ಚಿ ಬಿದ್ದರೂ ಹಾಗೇ ನಡೆಯುತ್ತಾಳೆ.

ಎಂಟನೇ ಮಡಿಯಲ್ಲಿ ಕೊಲ್ಲಿಯ ಗಾಳಿ ತಿರುಗಿತು.
ಹೊಡೆದದ್ದೆಲ್ಲ ಹಿಂದಕ್ಕೆ ಬಂತು,
ಹಣೆಗೆ, ಕತ್ತಿಗೆ, ತೆರೆದ ಕೂದಲಿಗೆ.
ಒರೆಸಿಕೊಳ್ಳಬೇಕಿತ್ತು.
ಒಂದು ಗಳಿಗೆ ಹಾಗೇ ನಿಂತಳು,
ಇಸ್ತ್ರಿಯಿಲ್ಲದ ಅವನ ಅಂಗಿಯೊಳಗೆ ನಿಂತ ಹಾಗೆ.
ಆಮೇಲೆ ಉಗಿದು, ಬೈದು, ಒರೆಸಿಕೊಂಡಳು.

ಹುರುಳಿ ಬಳ್ಳಿಯ ತುದಿಯೆಲ್ಲ ಗಿಡಹೇನು, ರಾಗಿ ಚೆಲ್ಲಿದಂತೆ.
ಹಿಡಿಕೆ ಒತ್ತುವವಳು ತಡೆದಳು.
ಹೇನುಗಳ ನಡುವೆ ಬೂದು ಮೈ, ಕಿತ್ತಳೆ ಚುಕ್ಕೆ,
ಕಡಲೆಯಷ್ಟೂ ಇಲ್ಲದ ಮೊಸಳೆ:
ಗುಲಗಂಜಿ ಹುಳದ ಮರಿ.
ತಾಯಿಯ ಚೆಲುವು ಇನ್ನೂ ಬಂದಿಲ್ಲ,
ಹಸಿವು ಮಾತ್ರ ಬಂದಿದೆ.
ಎಣಿಸಿದಳು. ಹನ್ನೊಂದು.

"ಆ ಸಾಲು ಬಿಟ್ಟೆಯಲ್ಲ!" ಗೋಡೆಯಾಚೆಯಿಂದ ಎವೆಲಿಯೊ.
"ಅಲ್ಲಿ ಆಳು ಇದ್ದಾರೆ."

ತಳದಲ್ಲಿ ಉಳಿದ ಅರ್ಧ ಲೀಟರನ್ನು
ನೀಲಿ ಟೈಲಿನ ಬುಡಕ್ಕೆ ಒಯ್ದು
ಹೇನನ್ನು ಹಸುವಿನಂತೆ ಕಾಯುವ
ಇರುವೆಗಳ ಗೂಡಿನ ಬಾಯಿಗೆ
ನಿಧಾನವಾಗಿ, ಪೂರ್ತಿ, ಸುರಿದಳು.

ಸಮುದ್ರದ ಕಡೆ ಮೋಡ.
ರಾತ್ರಿ ಮಳೆ ಹೊಡೆದರೆ
ನಾಳೆ ಮತ್ತೆ ಕಾವಲಿನವನಿಗೆ ಎರಡು ಕೋಸು.